ಆರ್ಗಾನ್ ಲೆಕ್ಕದಲ್ಲಿ ಉಳಿದ ವ್ಯತ್ಯಾಸ

ನನ್ನ ಲೆಕ್ಕ ಸರಿಯಾಗಿತ್ತು. ಅದನ್ನು ತಪ್ಪೆಂದು ತುಂಬಿದ ಸಭೆಯಲ್ಲಿ ಸಾರಲಾಯಿತು, ತಪ್ಪೆಂದು ವರದಿಯಲ್ಲಿ ಬರೆಯಲಾಯಿತು, ಸರಿಯೆಂದು ತಿಳಿದ ಮೇಲೂ ಆ ವರದಿಯನ್ನು ಹಾಗೆಯೇ ಇಟ್ಟು ನನ್ನ ಸಂಶೋಧನಾ ನೋಂದಣಿಯನ್ನು ರದ್ದುಗೊಳಿಸಲಾಯಿತು. ಇದು ನನಗಾದ ಅನ್ಯಾಯ. ಎಪ್ಪತ್ತರ ದಶಕದ ಸಂಗತಿಯನ್ನು ಈಗ ಏಕೆ ಬರೆಯುತ್ತೀರಿ ಎಂದು ಕೇಳುವವರಿದ್ದಾರೆ. ವರದಿ ಇನ್ನೂ ಕಡತದಲ್ಲಿದೆ, ಅದಕ್ಕಾಗಿ ಬರೆಯುತ್ತೇನೆ.

ಆಗ ನಾನು ವಿಜಾಪುರದ ಒಂದು ಕಾಲೇಜಿನಲ್ಲಿ ಗಣಿತದ ಉಪನ್ಯಾಸಕಿ. ಡಾಕ್ಟರೇಟ್ ಇದ್ದರೆ ಸ್ನಾತಕೋತ್ತರ ವರ್ಗಗಳಿಗೆ ಪಾಠ ಹೇಳಬಹುದಿತ್ತು. ಇಲ್ಲವಾದರೆ ನಿವೃತ್ತಿಯವರೆಗೂ ಮೊದಲ ವರ್ಷದ ತ್ರಿಕೋನಮಿತಿಯೇ ಗತಿ. ವಿಶ್ವವಿದ್ಯಾಲಯದ ಭೌತವಿಜ್ಞಾನದ ಪ್ರಾಧ್ಯಾಪಕರೊಬ್ಬರು ಮಾರ್ಗದರ್ಶಕರಾಗಲು ಒಪ್ಪಿ ಕೊಟ್ಟ ವಿಷಯ, ಜಡ ಅನಿಲಗಳ ಪರಮಾಣುಗಳ ನಡುವಿನ ವಿಭವಕ್ಕೆ ಗಣಿತದ ಸನ್ನಿಹಿತ ರೂಪಗಳು. ಮೊದಲಿಗೆ ಆರ್ಗಾನ್ ಸಾಕು ಎಂದರು.

ವಿಷಯದ ಹೆಸರು ಭಾರವಾದರೂ ಅದರ ಚಿತ್ರ ಸರಳ. ಆರ್ಗಾನಿನ ಎರಡು ಪರಮಾಣುಗಳು ದೂರದಲ್ಲಿದ್ದಾಗ ಒಂದನ್ನೊಂದು ಅತಿ ಮೆಲ್ಲಗೆ ಸೆಳೆಯುತ್ತವೆ. ಹತ್ತಿರವಾದಂತೆ ಸೆಳೆತ ಹೆಚ್ಚುತ್ತದೆ. ಒಂದು ದೂರ ದಾಟಿ ಇನ್ನೂ ಹತ್ತಿರ ತಂದರೆ ಒಮ್ಮೆಲೇ ಬಲವಾಗಿ ತಳ್ಳುತ್ತವೆ. ಕಾಗದದ ಮೇಲೆ ಬಲಗಡೆಯಿಂದ ಗೆರೆ ಎಳೆದರೆ ಮೊದಲು ಬಯಲು, ಆಮೇಲೆ ಒಂದು ಹೊಂಡ, ಅದರಾಚೆ ಕಡಿದಾದ ಗೋಡೆ. ಈ ಗೆರೆಯೇ ವಿಭವ. ಅದರ ನಿಜವಾದ ಸೂತ್ರ ಯಾರ ಕೈಯಲ್ಲೂ ಇರಲಿಲ್ಲ, ಹತ್ತಿರದ ಸೂತ್ರಗಳಿದ್ದವು. ಅವುಗಳಲ್ಲಿ ಒಂದು, ತಳ್ಳುವಿಕೆಯನ್ನು ದೂರದ ಹನ್ನೆರಡನೆಯ ಘಾತದಿಂದ ಹೇಳುವಂಥದು. ಹನ್ನೆರಡಕ್ಕೆ ಭೌತಿಕ ಕಾರಣವೇನೂ ಇಲ್ಲ. ಸೆಳೆತ ಆರನೆಯ ಘಾತದ್ದಾದುದರಿಂದ ಅದನ್ನೇ ವರ್ಗ ಮಾಡಿದರೆ ಲೆಕ್ಕ ಹಗುರವಾಗುತ್ತದೆ, ಅಷ್ಟೆ. ಇನ್ನೊಂದು ಸೂತ್ರದಲ್ಲಿ ತಳ್ಳುವಿಕೆ ಘಾತೀಯ ಫಲನ. ಇದು ಪರಮಾಣುಗಳ ಸ್ವಭಾವಕ್ಕೆ ಹೆಚ್ಚು ಹತ್ತಿರ; ನಾನು ಆರಿಸಿಕೊಂಡದ್ದು ಇದನ್ನೇ. ಆದರೆ ಇದಕ್ಕೊಂದು ಹುಟ್ಟುದೋಷವಿದೆ. ದೂರ ಸೊನ್ನೆಯ ಕಡೆಗೆ ಸಾಗಿದಂತೆ ತಳ್ಳುವ ಪದ ಒಂದು ಮಿತಿಯಲ್ಲಿ ನಿಲ್ಲುತ್ತದೆ, ಸೆಳೆಯುವ ಪದ ಮಿತಿಯಿಲ್ಲದೆ ಬೆಳೆಯುತ್ತದೆ. ಆದ್ದರಿಂದ ಗೋಡೆ ಏರಿ ಏರಿ ಒಂದು ಶಿಖರ ಮುಟ್ಟಿ, ಅಲ್ಲಿಂದ ತಲೆಕೆಳಗಾಗಿ ಪಾತಾಳಕ್ಕೆ ಇಳಿಯುತ್ತದೆ. ಪ್ರಕೃತಿಯಲ್ಲಿ ಹಾಗೆ ನಡೆಯುವುದಿಲ್ಲ. ಅದು ಸೂತ್ರದ ಸುಳ್ಳು ಶಿಖರ. ವಿಷಯ ಬಲ್ಲವರೆಲ್ಲರಿಗೂ ಇದು ತಿಳಿದಿದ್ದ ಮಾತು.

ಸೂತ್ರ ಸರಿಯೋ ಅಲ್ಲವೋ ಎಂದು ನೋಡಲು ಅದರಿಂದ ಎರಡನೆಯ ವಿರಿಯಲ್ ಗುಣಾಂಕವೆಂಬ ಸಂಖ್ಯೆಯನ್ನು ಬೇರೆ ಬೇರೆ ತಾಪಗಳಲ್ಲಿ ಲೆಕ್ಕ ಹಾಕಿ, ಅಳತೆ ಮಾಡಿ ಕಂಡ ಬೆಲೆಗಳೊಡನೆ ಹೋಲಿಸಬೇಕು. ಅನಿಲವೊಂದು ಆದರ್ಶ ನಿಯಮದಿಂದ ಎಷ್ಟು ದೂರ ಸರಿದಿದೆ ಎಂಬುದನ್ನು ಈ ಗುಣಾಂಕ ಹೇಳುತ್ತದೆ. ತಣ್ಣಗಿದ್ದಾಗ ಸೆಳೆತ ಗೆಲ್ಲುವುದರಿಂದ ಅದು ಋಣ; ಬಿಸಿಯಾದಂತೆ ಸೊನ್ನೆಯನ್ನು ದಾಟಿ ಧನವಾಗುತ್ತದೆ. ಅದನ್ನು ಪಡೆಯಲು ಪರಮಾಣುಗಳ ನಡುವಿನ ದೂರದ ಮೇಲೆ ಸೊನ್ನೆಯಿಂದ ಅನಂತದವರೆಗೆ ಅನುಕಲನ ಮಾಡಬೇಕು, ಅಂದರೆ ಚೂರು ಚೂರಾಗಿ ಕೂಡಿಸುತ್ತ ಹೋಗಬೇಕು.

ನನ್ನ ವಿಧಾನ ಆ ಅನುಕಲನವನ್ನು ಮೂರು ತುಂಡು ಮಾಡುವುದು. ಹೊರಗಿನ ತುಂಡಿನಲ್ಲಿ ಸೆಳೆತವೊಂದೇ ಉಳಿಯುವುದರಿಂದ ಅದು ಸೂತ್ರದಲ್ಲೇ ಮುಗಿಯುತ್ತದೆ. ನಡುವಿನ ತುಂಡಿನಲ್ಲಿ ಸಮದೂರದ ಬಿಂದುಗಳನ್ನು ಹಿಡಿದು, ಪ್ರತಿಯೊಂದರಲ್ಲೂ ಬೆಲೆ ಕಂಡು, ಮೂರು ಮೂರು ಬಿಂದುಗಳಿಗೆ ಒಂದೊಂದು ಪರವಲಯ ಹೊಂದಿಸಿ ಕ್ಷೇತ್ರಫಲಗಳನ್ನು ಕೂಡಿಸುವುದು. ಒಳಗಿನ ತುಂಡಿನಲ್ಲಿ ಪರಮಾಣು ಕಾಲಿಡುವಂತೆಯೇ ಇಲ್ಲ. ಅಲ್ಲಿ ಇರುವುದು ಬರಿಯ ಒಂದು ಗೋಳದ ಗಾತ್ರ. ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಬಹುದು. ಕೈಯಿಂದ ಲೆಕ್ಕ ಮಾಡುವವರು ಯಾರೂ ಆ ಸುಳ್ಳು ಶಿಖರದ ಹತ್ತಿರ ಸುಳಿಯುವುದಿಲ್ಲ. ಸುಳಿಯುವ ಪ್ರಸಂಗವೇ ಬರುವುದಿಲ್ಲ.

ನಡುವಿನ ತುಂಡೇ ದುಡಿಮೆ. ಪ್ರತಿ ಬಿಂದುವಿನಲ್ಲಿ ವಿಭವವನ್ನು ತಾಪದಿಂದ ಭಾಗಿಸಿ, ಬಂದುದನ್ನು 0.4343ರಿಂದ ಗುಣಿಸಿ, ಲಾಗ್ ಕೋಷ್ಟಕದಲ್ಲಿ ಹಿಂದುಮುಂದಾಗಿ ಹುಡುಕಿ ಬೆಲೆ ತೆಗೆಯಬೇಕು. ಒಬ್ಬರೇ ಮಾಡಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ತಿಕೋಟಾದ ಪ್ರೌಢಶಾಲೆಯ ಗಣಿತದ ಮಾಸ್ತರರೊಬ್ಬರನ್ನು ಕೇಳಿದೆ. ನನಗಿಂತ ವಯಸ್ಸಿನಲ್ಲಿ ಹಿರಿಯರು, ಬಿ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವರು, ಅದನ್ನು ಸಂದರ್ಭ ಸಿಕ್ಕಾಗಲೆಲ್ಲ ನೆನಪಿಸುವವರು. ನಮ್ಮ ಕರಾರು ಕಟ್ಟುನಿಟ್ಟಾಗಿತ್ತು. ನಾನು ವಿಜಾಪುರದಲ್ಲಿ, ಅವರು ತಿಕೋಟಾದಲ್ಲಿ, ಒಂದೇ ತಾಪದ ಒಂದೇ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡುವುದು. ಭಾನುವಾರದವರೆಗೆ ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಕೂಡದು. ಭಾನುವಾರ ನಾನು ಬಸ್ಸಿನಲ್ಲಿ ತಿಕೋಟಾಕ್ಕೆ ಹೋಗಿ ಅವರ ಮನೆಯ ಪಡಸಾಲೆಯಲ್ಲಿ ಕೂತು ಓದುವುದು, ಅವರು ತಮ್ಮ ಹಾಳೆಯಲ್ಲಿ ಗುರುತು ಹಾಕುವುದು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಇಬ್ಬರೂ ಮತ್ತೆ ಮೊದಲಿಂದ.

ಮೊದಲ ಭಾನುವಾರ ಅವರ ತಾಯಿ ಬಾಗಿಲಿಗೆ ಬಂದು ನಿಂತರು.

"ಏನ್ ಬೇ ಯವ್ವಾ, ವಿಜಾಪುರದಿಂದ ಇಷ್ಟ ದೂರ ಬಂದು ಏನ್ ಓದಾಕತ್ತೀ? ಪುರಾಣೇನ?"

"ಗಾಳಿದು ಲೆಕ್ಕರಿ ಅವ್ವಾರ. ಗಾಳಿಯೊಳಗ ಆರ್ಗಾನ್ ಅಂತ ಒಂದೈತಿ. ಯಾರ ಜೋಡಿನೂ ಕೂಡೂದಿಲ್ಲ ಅದು."

"ಹಂಗಾದ್ರ ನನ್ನ ಮಗನಂಥಾದ್ದನ್ನು. ಮದಿವಿ ಮನಿಗೆ ಕರಕೊಂಡ ಹೋದ್ರೂ ಮೂಲ್ಯಾಗ ಲೆಕ್ಕದ ಪುಸ್ತಕಾ ಹಿಡಕೊಂಡು ಕುಂದರತಾನ."

"ಯವ್ವಾ, ನೀ ಚಾ ಇಡು ಹೋಗು," ಎಂದರು ಮಾಸ್ತರರು, ತಲೆಯೆತ್ತದೆ.

ಮೊದಲ ಹಿನ್ನಡೆ ವಿಚಿತ್ರವಾಗಿ ಬಂತು. ಒಂದು ತಾಪದಲ್ಲಿ ನಮ್ಮಿಬ್ಬರ ಅಂಕಿಗಳು ಕೊನೆಯ ಸ್ಥಾನದವರೆಗೆ ಹೊಂದಿದವು. ಹಿಗ್ಗಬೇಕಾಗಿತ್ತು. ಆದರೆ ತಾಪಗಳ ಕ್ರಮದಲ್ಲಿ ಗುಣಾಂಕಗಳನ್ನು ಬರೆದು, ಒಂದರಿಂದ ಒಂದನ್ನು ಕಳೆದು, ಆ ವ್ಯತ್ಯಾಸಗಳ ವ್ಯತ್ಯಾಸಗಳನ್ನು ಮತ್ತೆ ತೆಗೆದಾಗ, ನುಣುಪಾಗಿ ಸಾಗಬೇಕಾದ ಸಾಲಿನಲ್ಲಿ ಆ ತಾಪದ ಬಳಿ ಒಂದು ಉಬ್ಬು ಕಂಡಿತು. ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ಒಂದೇ ತಪ್ಪು ಮಾಡುವುದು ಹೇಗೆ?

"ಅಕ್ಕಾರ, ನೀವು ನನ್ನ ಹಾಳಿ ಕದ್ದ ನೋಡೀರಿ," ಎಂದರು ಮಾಸ್ತರರು.

"ಕದ್ದಿದ್ರ ನಿಮ್ಮ ಕೈಬರಹ ಓದಾಕ ಬರಬೇಕಲ್ರಿ."

ಕಾರಣ ಸಿಕ್ಕಿದ್ದು ಲಾಗ್ ಕೋಷ್ಟಕದಲ್ಲಿ. ನನ್ನದೂ ಅವರದೂ ಗಾಂಧಿ ಚೌಕದ ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಮುದ್ರಣದ ಪುಸ್ತಕ. ಅದರ ಒಂದು ಸಾಲಿನಲ್ಲಿ ಅಚ್ಚಿನ ತಪ್ಪಿತ್ತು; ನಾವಿಬ್ಬರೂ ಅದನ್ನೇ ನಿಷ್ಠೆಯಿಂದ ಓದಿದ್ದೆವು. ಕಾಲೇಜಿನ ಗ್ರಂಥಾಲಯದ ಹಳೆಯ ಪ್ರತಿಯೊಡನೆ ಪುಸ್ತಕವನ್ನು ಸಾಲು ಸಾಲಾಗಿ ಹೋಲಿಸಿ, ಇನ್ನೆಲ್ಲೂ ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಸಾಲನ್ನು ಬಳಸಿದ ಲೆಕ್ಕಗಳನ್ನೆಲ್ಲ ಮತ್ತೆ ಮಾಡಿದೆವು. ಉಬ್ಬು ಹೋಯಿತು. ಈ ಸಂಗತಿಯನ್ನು ನಾನು ಪ್ರಗತಿ ವರದಿಯಲ್ಲಿ ಪೂರ್ತಿಯಾಗಿ ಬರೆದೆ: ಯಾವ ಸಾಲು, ಏನು ತಪ್ಪು, ಹೇಗೆ ತಿದ್ದಿದೆವು. ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬರೆಯುವುದೇ ಕ್ರಮವೆಂದು ನನಗೆ ಕಲಿಸಿದ್ದರು.

ಆ ಹೊತ್ತಿಗೆ ವಿಶ್ವವಿದ್ಯಾಲಯಕ್ಕೆ ಗಣಕಯಂತ್ರ ಬಂದಿತ್ತು. ಅದರ ವಿಭಾಗದ ಮುಖ್ಯಸ್ಥರು ನನ್ನ ಲೆಕ್ಕವನ್ನೇ ಯಂತ್ರಕ್ಕೆ ಕೊಟ್ಟು ನೋಡುವುದಾಗಿ ಮಾರ್ಗದರ್ಶಕರಿಗೆ ಹೇಳಿದರಂತೆ. ನನಗೆ ಸಂತೋಷವೇ ಆಯಿತು. ನಮ್ಮ ಕಾಲೇಜಿನಲ್ಲಿಯೇ ವಿಚಾರಗೋಷ್ಠಿ ಏರ್ಪಾಡಾಯಿತು. ಮಾರ್ಗದರ್ಶಕರೇ ಅದರ ಸಂಚಾಲಕರು. ನನ್ನ ಸಹೋದ್ಯೋಗಿಗಳು, ನನ್ನ ವಿದ್ಯಾರ್ಥಿಗಳು, ತಿಕೋಟಾದಿಂದ ಬಂದ ಮಾಸ್ತರರು ಎಲ್ಲರೂ ಸಭಾಂಗಣದಲ್ಲಿದ್ದರು. ನನ್ನ ವಿಷಯದ ಗೋಷ್ಠಿಯಲ್ಲಿ ನನಗೆ ಕುರ್ಚಿ ಇಟ್ಟದ್ದು ಹಿಂದಿನ ಸಾಲಿನಲ್ಲಿ ಎಂಬುದನ್ನೂ ಇಲ್ಲಿ ನಮೂದಿಸುತ್ತೇನೆ.

ನಾನು ನನ್ನ ಗುಣಾಂಕಗಳನ್ನು ಹಲಗೆಯ ಮೇಲೆ ಬರೆದು ಕೂತೆ. ಯಂತ್ರದ ಮುಖ್ಯಸ್ಥರು ಎದ್ದು ಪ್ರತಿಯೊಂದು ಅಂಕಿಯ ಮುಂದೆ, ಅದು ಯಂತ್ರದ ಅಂಕಿಯಿಂದ ಎಷ್ಟು ಸರಿದಿದೆ ಎಂಬ ಶೇಕಡಾವಾರು ಬರೆಯುತ್ತ ಹೋದರು. ತಣ್ಣನೆಯ ತಾಪಗಳಲ್ಲಿ ಅದು ಒಂದಕ್ಕಿಂತ ಕಡಿಮೆ. ಮುಂದೆ ಹೆಚ್ಚಿತು. ಗುಣಾಂಕ ಸೊನ್ನೆಯನ್ನು ದಾಟುವ ತಾಪದ ಸುತ್ತ ಅದು ನೂರನ್ನೂ ಮೀರಿತು. ಒಂದು ಕಡೆ ನನ್ನ ಅಂಕಿ ಧನ, ಯಂತ್ರದ್ದು ಋಣ. ಅದರಾಚೆ ಮತ್ತೆ ಇಳಿಯಿತು.

"ಈ ತಪ್ಪಿಗೆ ಒಂದು ನಿಯಮಾನೇ ಇಲ್ಲ, ನೋಡ್ರಿ," ಎಂದು ಸಭೆಯ ಕಡೆಗೆ ತಿರುಗಿದರು. "ಇಲ್ಲಿ ಇಷ್ಟ, ಅಲ್ಲಿ ಅಷ್ಟ, ಇಲ್ಲಂತೂ ಚಿಹ್ನಾನೇ ಉಲ್ಟಾ. ಕಾರಣ ಮೇಡಂ ಅವರೇ ತಮ್ಮ ವರದಿಯೊಳಗ ಬರದಾರ. ಗಾಂಧಿ ಚೌಕದ ಲಾಗ್ ಪುಸ್ತಕಂತ. ಕಾಯಿಪಲ್ಲೆ ತರಾಕ ಹೋದಾಗ ತಂದಿದ್ರೇನೋ."

ಸಭೆ ನಕ್ಕಿತು. ಯಾರು ಯಾರು ನಕ್ಕರೆಂಬುದು ನನಗೆ ನೆನಪಿದೆ.

ನಾನು ಎದ್ದೆ. "ಶೇಕಡಾ ಬ್ಯಾಡ್ರಿ ಸರ್. ಯಂತ್ರದ ಅಂಕಿನೇ ಬರೀರಿ. ಬಾಜೂಕ ಬಾಜೂಕ ನೋಡೋಣು."

"ಯಾಕ್ರಿ ಮೇಡಂ? ಅವನ್ನ ನೋಡಿ ನಿಮ್ಮವು ತಿದ್ದಿಕೊಳ್ಳಾಕೇನ?"

ಮತ್ತೆ ನಗೆ. ಮಾರ್ಗದರ್ಶಕರ ಕಡೆಗೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಮಾಸ್ತರರು ಮಾತ್ರ ಹಿಂದಿನಿಂದ, "ಅದು ತಿದ್ದಿದ ಮ್ಯಾಲಿನ ಲೆಕ್ಕರೀ ಸಾಹೇಬ್ರ, ವರದಿ ಪೂರಾ ಓದ್ರಿ," ಎಂದು ಕೂಗಿದರು. ಚಹಾದ ವೇಳೆಯಾಯಿತೆಂದು ಯಾರೋ ಹೇಳಿದರು, ಸಭೆ ಎದ್ದಿತು.

ಗೋಷ್ಠಿಯ ವರದಿಯಲ್ಲಿ ಹೀಗೆ ಬರೆಯಲಾಯಿತು: ವಿಶ್ವಾಸಾರ್ಹವಲ್ಲದ ಕೋಷ್ಟಕಗಳ ಬಳಕೆಯಿಂದಾಗಿ ಲೆಕ್ಕಗಳು ದೋಷಪೂರ್ಣ, ನೋಂದಣಿಯನ್ನು ಮುಂದುವರಿಸುವ ಬಗ್ಗೆ ಪುನರ್ವಿಚಾರ ಅಗತ್ಯ. ಕೆಳಗೆ ಸಂಚಾಲಕರ, ಅಂದರೆ ನನ್ನ ಮಾರ್ಗದರ್ಶಕರ, ಸಹಿ.

ಯಂತ್ರದ ಅಂಕಿಗಳಿಗಾಗಿ ನಾನು ಮಾರ್ಗದರ್ಶಕರಿಗೆ ಮೇಲಿಂದ ಮೇಲೆ ಪತ್ರ ಬರೆದೆ. ಕೊನೆಗೆ ಬೇಸಿಗೆಯ ರಜೆ ಆರಂಭವಾಗುವ ದಿನ ಯಂತ್ರದಿಂದ ಅಚ್ಚಾದ ಹಾಳೆ ಲಕೋಟೆಯಲ್ಲಿ ಬಂತು. ನಾನು ಬಬಲೇಶ್ವರದಲ್ಲಿದ್ದ ಅಣ್ಣನ ಮನೆಗೆ ಹೊರಟಿದ್ದೆ. ಲಕೋಟೆಯನ್ನೂ ನನ್ನ ಅಂಕಿಗಳ ಪ್ರತಿಯನ್ನೂ ಕೈಚೀಲದಲ್ಲಿಟ್ಟುಕೊಂಡೆ. ಲಾಗ್ ಪುಸ್ತಕ ಟ್ರಂಕಿನಲ್ಲಿತ್ತು, ಟ್ರಂಕು ಬಸ್ಸಿನ ಮೇಲಿತ್ತು. ಸಾರವಾಡದಲ್ಲಿ ಗಾಲಿ ಪಂಕ್ಚರಾಯಿತು.

"ಟ್ರಂಕ್ ಸ್ವಲ್ಪ ಇಳಸ್ತೀರೇನ್ರಿ?" ಎಂದು ಕಂಡಕ್ಟರನನ್ನು ಕೇಳಿದೆ.

"ಹಗ್ಗಾ ಬಿಚ್ಚಿದ್ರ ಎಲ್ಲಾರ ಸಾಮಾನೂ ರಸ್ತಾಕ್ಕ ಬರತಾವ್ರಿ ಬಾಯಾರ. ಏನ್ ಬೇಕಿತ್ರಿ ಅದರಾಗ?"

"ಪುಸ್ತಕ."

"ಪುಸ್ತಕಾ ಎಲ್ಲಿ ಓಡಿ ಹೋಗತಾವ? ನೆಳ್ಳಾಗ ಕುಂದರ್ರಿ."

ನೆರಳಿನಲ್ಲಿ ಕೂತೆ. ಆವರೆಗೆ ನನ್ನ ತಲೆಯಲ್ಲಿದ್ದದ್ದು ಶೇಕಡಾವಾರು ಮಾತ್ರ. ಅವರು ಹಲಗೆಯ ಮೇಲೆ ಬರೆದದ್ದನ್ನು ಮೊದಲು ಪರೀಕ್ಷಿಸಬೇಕೆಂದುಕೊಂಡಿದ್ದೆ. ಅದಕ್ಕೆ ಭಾಗಾಕಾರ ಬೇಕು, ಇಷ್ಟೊಂದು ಭಾಗಾಕಾರಕ್ಕೆ ಲಾಗ್ ಪುಸ್ತಕ ಬೇಕು. ಅದಿಲ್ಲದೆ ಬರಿಯ ಪೆನ್ಸಿಲಿನಿಂದ ಸಲೀಸಾಗಿ ಮಾಡಬಹುದಾದದ್ದು ವ್ಯವಕಲನ. ಬೇರೇನೂ ಮಾಡಲಾಗದೆ ಅದನ್ನು ಮಾಡಿದೆ. ನನ್ನ ಮೊದಲ ಅಂಕಿಯಿಂದ ಯಂತ್ರದ ಮೊದಲ ಅಂಕಿಯನ್ನು ಕಳೆದೆ. ಎರಡನೆಯದರಿಂದ ಎರಡನೆಯದನ್ನು. ಮೂರನೆಯದನ್ನು ಕಳೆಯುವಾಗಲೇ ಕೈ ನಿಧಾನವಾಯಿತು.

ಪ್ರತಿ ತಾಪದಲ್ಲೂ ವ್ಯತ್ಯಾಸ ಒಂದೇ. ತಣ್ಣಗಿದ್ದಲ್ಲಿ, ಬಿಸಿಯಾದಲ್ಲಿ, ಸೊನ್ನೆಯ ಪಕ್ಕದಲ್ಲಿ, ಎಲ್ಲೆಲ್ಲೂ ನನ್ನ ಅಂಕಿ ಯಂತ್ರದ ಅಂಕಿಗಿಂತ ಅಷ್ಟೇ ಹೆಚ್ಚು. ಕೊನೆಯ ಸ್ಥಾನದಲ್ಲಿ ಮಾತ್ರ ಒಂದರ ಆಚೆ ಈಚೆ. ಘನ ಸೆಂಟಿಮೀಟರಿನ ಅರ್ಧಕ್ಕಿಂತ ತುಸು ಹೆಚ್ಚಿನ ಒಂದು ಸ್ಥಿರ ಸಂಖ್ಯೆ. ಚಿಕ್ಕ ಸಂಖ್ಯೆಯಿಂದ ಭಾಗಿಸಿದಲ್ಲಿ ಅದು ನೂರನ್ನು ಮೀರಿದ ಶೇಕಡಾವಾರಾಗಿ ಕಂಡಿತ್ತು, ದೊಡ್ಡ ಸಂಖ್ಯೆಯಿಂದ ಭಾಗಿಸಿದಲ್ಲಿ ಅಲ್ಪವಾಗಿ ಕಂಡಿತ್ತು. ನಿಯಮವೇ ಇಲ್ಲವೆಂದ ತಪ್ಪಿಗೆ ಇದಕ್ಕಿಂತ ಕಟ್ಟುನಿಟ್ಟಾದ ನಿಯಮ ಇರಲು ಸಾಧ್ಯವಿರಲಿಲ್ಲ.

ಕೈತಪ್ಪು ಹೀಗೆ ಇರುವುದಿಲ್ಲ. ಅಚ್ಚಿನ ತಪ್ಪೂ ಹೀಗೆ ಇರುವುದಿಲ್ಲ. ತಾಪ ಬದಲಾದರೂ ಬದಲಾಗದ ಭಾಗ ಈ ಲೆಕ್ಕದಲ್ಲಿ ಒಂದೇ ಒಂದಿದೆ: ಪರಮಾಣು ಹೊಗಲಾರದ ಒಳಗಿನ ಗೋಳ.

ಬಬಲೇಶ್ವರ ಮುಟ್ಟಿ, ಕೈಕಾಲು ತೊಳೆಯುವ ಮೊದಲೇ ಟ್ರಂಕು ತೆರೆದು ಘನಮೂಲ ತೆಗೆದೆ. ಆ ವ್ಯತ್ಯಾಸದಷ್ಟು ಗಾತ್ರ ಕೊಡುವ ಗೋಳದ ತ್ರಿಜ್ಯ, ಹೊಂಡದ ತಳದ ದೂರದ ಸುಮಾರು ಐದರಲ್ಲಿ ಒಂದು ಭಾಗ ಬಂತು. ಸೂತ್ರದ ಸುಳ್ಳು ಶಿಖರ ಇರುವುದು ಅಲ್ಲಿಯೇ. ಈಗ ಎಲ್ಲವೂ ತಿಳಿಯಾಯಿತು. ಯಂತ್ರಕ್ಕೆ ಸೊನ್ನೆಯಿಂದ ಆರಂಭಿಸಲು ಹೇಳಿರಬೇಕು. ಅದು ಪಾತಾಳಕ್ಕೆ ಬಿದ್ದು, ತನಗೆ ಹಿಡಿಸಲಾರದಷ್ಟು ದೊಡ್ಡ ಸಂಖ್ಯೆ ಬಂದು ನಿಂತಿರಬೇಕು. ನಿಲ್ಲದಿರಲೆಂದು ಅವರು ಆರಂಭವನ್ನು ಶಿಖರದ ತುದಿಗೆ ಸರಿಸಿದರು. ಅದು ಸರಿಯೇ. ಆದರೆ ಶಿಖರದ ಒಳಗೆ ಉಳಿದ ಗೋಳದ ಗಾತ್ರವನ್ನು ಕೊನೆಯಲ್ಲಿ ಕೂಡಿಸಲು ಮರೆತರು. ನನ್ನ ಗೋಳ ದೊಡ್ಡದು. ಅವರು ಬಿಟ್ಟದ್ದು ಅದರೊಳಗಿನ ಚಿಕ್ಕದನ್ನು.

"ಏನಾತು?" ಎಂದು ಅಣ್ಣ ಕೇಳಿದ. "ಬಂದಾಕಿ ನೀರೂ ಕುಡದಿಲ್ಲ."

"ನಂದು ತಪ್ಪಿಲ್ಲ."

"ಅದು ನಿನಗ ಮೊದ್ಲ ಗೊತ್ತಿತ್ತಲಾ."

"ಗೊತ್ತಿತ್ತು. ಅವರದು ಎಲ್ಲಿ ತಪ್ಪೈತಿ ಅನ್ನೂದು ಈಗ ಗೊತ್ತಾತು."

ತಿಕೋಟಾದ ಮಾಸ್ತರರು ನನ್ನ ಮಾತನ್ನು ಹಾಗೆಯೇ ಒಪ್ಪುವವರಲ್ಲ. ಅವರು ಲೆಕ್ಕವನ್ನು ಹಿಂದುಮುಂದು ಮಾಡಿದರು. ನಮ್ಮ ಅಂಕಿಗಳಿಂದ ಆ ಚಿಕ್ಕ ಗೋಳವನ್ನು ಕಳೆಯುತ್ತ ಹೋದರು. ಯಂತ್ರದ ಹಾಳೆಯ ಅಂಕಿಗಳು ಒಂದೊಂದಾಗಿ ಹೊರಬಂದವು. "ಅಯ್ಯ ಇವನಾ," ಎಂದು ಪೆನ್ಸಿಲ್ ಕೆಳಗಿಟ್ಟರು. "ಅಷ್ಟ್ ದೊಡ್ಡ ಯಂತ್ರ ತಂದು, ಇಷ್ಟ್ ಸಣ್ಣ ಗೋಲಿ ಕಳಕೊಂಡಾರಲ್ರೀ."

ನಾನು ಎಲ್ಲವನ್ನೂ ಬರೆದು ಮಾರ್ಗದರ್ಶಕರಿಗೂ ಯಂತ್ರದ ಮುಖ್ಯಸ್ಥರಿಗೂ ಕಳಿಸಿದೆ. ಮುಖ್ಯಸ್ಥರು ಉತ್ತರಿಸಲಿಲ್ಲ. ಯಂತ್ರಕ್ಕೆ ಆರಂಭದ ಬಿಂದುವನ್ನು ಹೇಳುವ, ತೂತು ಹೊಡೆದ ಪಂಚ್ ಕಾರ್ಡನ್ನು ತೋರಿಸಿರೆಂದು ಮತ್ತೆ ಬರೆದೆ; ಕಾರ್ಡುಗಳು ವಿಭಾಗದ ಸೊತ್ತು, ಹೊರಗಿನವರಿಗೆ ತೋರಿಸುವಂತಿಲ್ಲ ಎಂದು ಅವರ ಕಚೇರಿಯಿಂದ ಎರಡು ಸಾಲು ಬಂತು. ಮಾರ್ಗದರ್ಶಕರು ಬರೆಯಲಿಲ್ಲ, ಬಂದರು. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರಾಗಿ ನಮ್ಮ ಕಾಲೇಜಿಗೆ ಬಂದವರು, ಪ್ರಯೋಗಾಲಯದ ಪಕ್ಕದ ಕೋಣೆಗೆ ನನ್ನನ್ನು ಕರೆಸಿದರು. ನನ್ನ ಹಾಳೆಯ ಅಂಚಿನಲ್ಲಿ ತಾವೇ ಗೋಳದ ಗಾತ್ರವನ್ನು ಗುಣಿಸಿ ನೋಡಿದರು.

"ನೀವು ಹೇಳೂದು ಖರೇ ಅದ," ಎಂದರು.

"ಹಂಗಾದ್ರ ವರದಿ ತಿದ್ದಬೇಕು ಸರ್."

"ಆ ಯಂತ್ರ ತರಸ್ಲಿಕ್ಕೆ ನಾವು ಎಷ್ಟ್ ಮಂದೀ ಕಾಲ ಹಿಡದೇವಿ, ನಿಮಗ ಗೊತ್ತಿಲ್ಲ. ಬಂದ ಹೊಸತಾಗೇ ಕೈಲೆಕ್ಕದ ಮುಂದ ಅದು ಸೋತದ ಅಂದ್ರ, ಅದಕ್ಕ ವಿರೋಧ ಇದ್ದವ್ರು ನಮ್ಮನ್ನ ಬಿಡತಾರೇನು?" ಚೀಲದಿಂದ ಬೆರಳಚ್ಚು ಮಾಡಿದ ಹಾಳೆಗಳನ್ನು ತೆಗೆದರು. ನನ್ನ ಪ್ರಬಂಧದ ಕೋಷ್ಟಕಗಳು; ನನ್ನ ಅಂಕಿಗಳ ಜಾಗದಲ್ಲಿ ಯಂತ್ರದ ಅಂಕಿಗಳು. "ಇವಕ್ಕ ಸಹಿ ಮಾಡ್ರಿ. ಕೈಲೆಕ್ಕಾ ಯಂತ್ರದಿಂದ ತಿದ್ದಿಕೊಂಡೀನಿ ಅಂತ ಒಂದು ಸಾಲು ನಾನೇ ಹಾಕ್ಸೀನಿ. ಬರೋ ಘಟಿಕೋತ್ಸವಕ್ಕ ಪದವಿ ತಗೋರಿ. ವರದಿ ತನ್ನಷ್ಟಕ್ಕ ತಾ ಮಣ್ಣಾಗ್ತದ."

"ತಪ್ಪು ಅಂಕಿಗೆ ಸಹಿ ಮಾಡಬೇಕೇನ್ರಿ?"

"ಎಷ್ಟ್ ತಪ್ಪು? ಅಳತಿ ಮಾಡೋರಿಗೂ ಅಷ್ಟ್ ಕರಾರುವಾಕ್ ಅಳೀಲಿಕ್ಕೆ ಬರೂದಿಲ್ಲ. ಯಾರ್ ನೋಡ್ತಾರ್ರಿ?"

ಹಾಳೆಗಳನ್ನು ತೆಗೆದುಕೊಂಡು ತಿಕೋಟಾಕ್ಕೆ ಹೋದೆ. ಲೆಕ್ಕ ಮಾಸ್ತರರದೂ ಹೌದಾಗಿತ್ತು, ಅವರನ್ನು ಕೇಳದೆ ತೀರ್ಮಾನಿಸುವುದು ನ್ಯಾಯವಲ್ಲ. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಹಾಳೆಗಳನ್ನು ಓದಿ ಮಡಚಿ ಹಿಂದಕ್ಕೆ ಕೊಟ್ಟರು.

"ಸಹಿ ಮಾಡ್ರಿ ಅಕ್ಕಾರ."

"ಏನಂದ್ರಿ?"

"ಸಹಿ ಮಾಡ್ರಿ ಅಂದೆ. ಆರ್ಗಾನ್ ಏನ್ ಕೋರ್ಟಿಗೆ ಹೋಗತೈತೇನು? ಪದವಿ ಕೈಯಾಗ ಬರಲಿ, ಆಮ್ಯಾಲ ಬೇಕಾದ್ರ ತಿದ್ದ್ರಿ. ನಮ್ಮ ಲೆಕ್ಕಾ ಸರಿ ಐತಂತ ನಿಮಗ ಗೊತ್ತೈತಿ, ನನಗ ಗೊತ್ತೈತಿ. ಸ್ವತಃ ಅವರಿಗೂ ಗೊತ್ತೈತಿ. ಇನ್ನ ಯಾರಿಗೆ ಗೊತ್ತಾಗಬೇಕು?"

"ಓದಾವರಿಗೆ."

"ಓದತಾರ ಅಂತ ತಿಳದೀರಿ!"

ಒಳಗಿನಿಂದ ಅವರ ತಾಯಿ ಕೇಳಿದರು, "ಎಷ್ಟ್ ತಪ್ಪೈತೋ ಅದು?"

"ಕಡ್ಲಿಕಾಳಿನಷ್ಟ ಇಲ್ಲ ಬಿಡಬೇ."

"ಅಷ್ಟ ಇದ್ರ ಅವರ ಯಾಕ ತಿದ್ದವಲ್ರು? ಈಕಿನ್ಯಾಕ ತಿದ್ದ ಅಂತಾರ?"

"ಯವ್ವಾ, ನೀ ಸುಮ್ನಿರ್ತೀಯೇನು?"

ಮಾಸ್ತರರ ಆ ಮಾತನ್ನು ನಾನು ಮರೆತಿಲ್ಲ. ಅವರು ನನ್ನ ಒಳಿತಿಗೇ ಹೇಳಿದರು, ಇರಬಹುದು. ಆದರೆ ಭಾನುವಾರಗಳನ್ನೆಲ್ಲ ಕೊನೆಯ ಸ್ಥಾನದ ಒಂದಂಕಿಗಾಗಿ ಕಳೆದವರು ಹಾಗೆ ಹೇಳಬಾರದಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಸಮಾಧಾನವಾಗಿ ಯೋಚಿಸಿದೆ. ಸಹಿ ಮಾಡದಿದ್ದರೆ ಅವಿಧೇಯಳೆನ್ನುತ್ತಾರೆ, ಅವರ ವರದಿಯೇ ಉಳಿಯುತ್ತದೆ. ಸಹಿ ಮಾಡಿದರೆ ಗಾಂಧಿ ಚೌಕದ ಪುಸ್ತಕದಿಂದ ತಪ್ಪು ಮಾಡಿದೆನೆಂದು ನಾನೇ ಒಪ್ಪಿದಂತೆ, ಸುಳ್ಳು ಅಂಕಿಗಳು ನನ್ನ ಹೆಸರಿನಲ್ಲಿ ಲೋಕಕ್ಕೆ ಹೋದಂತೆ. ಇವೆರಡರ ನಡುವೆ ಇನ್ನೊಂದು ದಾರಿ ಕಂಡಿತು.

ಸಹಿ ಮಾಡಿದೆ. ಪ್ರತಿಯೊಂದು ಹಾಳೆಯಲ್ಲೂ, ಸಹಿಯ ಮೇಲೆ, ನನ್ನ ಕೈಯಿಂದ ಒಂದು ವಾಕ್ಯ ಬರೆದೆ: "ಸುಳ್ಳು ಶಿಖರದ ಒಳಗಿನ ಗೋಳದ ಗಾತ್ರವನ್ನು ಕೂಡಿಸದ ಕಾರಣ ಈ ಹಾಳೆಯ ಪ್ರತಿಯೊಂದು ಅಂಕಿಯೂ ಅಷ್ಟು ಕಡಿಮೆಯಿದೆ, ಕೂಡಿಸಿದರೆ ನನ್ನ ಮೂಲ ಅಂಕಿ ಬರುತ್ತದೆ." ಗೋಳದ ಗಾತ್ರದ ಲೆಕ್ಕವನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದೆ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ಉತ್ತರ ಕಾಲೇಜಿನ ಪ್ರಾಂಶುಪಾಲರ ಮೂಲಕ ಬಂತು. ಗೋಷ್ಠಿಯ ವರದಿಯನ್ನೂ ಮಾರ್ಗದರ್ಶಕರ ಸೂಚನೆ ಪಾಲಿಸದಿರುವುದನ್ನೂ ಗಮನಿಸಿ ನೋಂದಣಿ ರದ್ದು. ಪ್ರಾಂಶುಪಾಲರು ಕಾಗದವನ್ನು ನನ್ನ ಕಡೆಗೆ ಸರಿಸಿ ನಿಟ್ಟುಸಿರಿಟ್ಟರು.

"ಬಾಯಾರ, ಆ ಒಂದು ಸಾಲು ಬರೀದಿದ್ರ ಏನಾಗತಿತ್ರಿ?"

"ಡಾಕ್ಟರೇಟ್ ಬರತಿತ್ತು ಸರ್."



ಕೆಲಕಾಲದ ಮೇಲೆ ಕಾಲೇಜಿನ ಗ್ರಂಥಾಲಯಕ್ಕೆ ಬಂದ ಒಂದು ಸಂಶೋಧನಾ ಪತ್ರಿಕೆಯಲ್ಲಿ ಮಾರ್ಗದರ್ಶಕರೂ ಯಂತ್ರದ ಮುಖ್ಯಸ್ಥರೂ ಕೂಡಿ ಬರೆದ ಲೇಖನ ಕಂಡೆ. ಆರ್ಗಾನ್ ಮತ್ತು ಕ್ರಿಪ್ಟಾನ್, ಘಾತೀಯ ಸೂತ್ರ, ಗಣಕಯಂತ್ರದ ಲೆಕ್ಕ. ಆರ್ಗಾನಿನ ಕೋಷ್ಟಕದ ತಾಪಗಳು ನಾನು ಆರಿಸಿಕೊಂಡ ತಾಪಗಳೇ. ಅಂಕಿಗಳು ಕೊನೆಯ ಸ್ಥಾನದವರೆಗೆ ನನ್ನವೇ. ನಡುವೆ ಒಂದು ವಾಕ್ಯ: ಸುಳ್ಳು ಶಿಖರದ ಒಳಗಿನ ಗೋಳದ ಗಾತ್ರವನ್ನು ಕೂಡಿಸಲಾಗಿದೆ. ನಾನು ಹಾಳೆಯ ಮೇಲೆ ಬರೆದ ವಾಕ್ಯದ ಹೆಚ್ಚುಕಡಿಮೆ ಇಂಗ್ಲಿಷ್ ರೂಪ. ಕೊನೆಯಲ್ಲಿ ಕಾರ್ಡು ಪಂಚ್ ಮಾಡಿದವರಿಗೆ ವಂದನೆ ಇತ್ತು. ನನಗೂ ಇರಲಿಲ್ಲ, ತಿಕೋಟಾದ ಮಾಸ್ತರರಿಗೂ ಇರಲಿಲ್ಲ. ನ್ಯಾಯಕ್ಕಾಗಿ ಇದನ್ನೂ ಹೇಳುತ್ತೇನೆ: ಕ್ರಿಪ್ಟಾನಿನ ಕೋಷ್ಟಕವನ್ನು ಮಾಸ್ತರರೂ ನಾನೂ ಕೂತು ಪರೀಕ್ಷಿಸಿದೆವು. ಅದು ಸರಿಯಾಗಿಯೇ ಇತ್ತು. ಗೋಳವನ್ನು ಕೂಡಿಸುವುದನ್ನು ಅವರು ಚೆನ್ನಾಗಿ ಕಲಿತಿದ್ದರು.

ಲೇಖನದ ಪ್ರತಿಯನ್ನು ಲಗತ್ತಿಸಿ, ಗೋಷ್ಠಿಯ ವರದಿಯಿಂದ, ಲೆಕ್ಕಗಳು ದೋಷಪೂರ್ಣವೆಂಬ ಆ ಒಂದು ವಾಕ್ಯವನ್ನು ತೆಗೆದುಹಾಕಬೇಕೆಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆದೆ. ಪದವಿ ಕೇಳಲಿಲ್ಲ, ಕ್ಷಮೆ ಕೇಳಲಿಲ್ಲ, ವಂದನೆಯ ಸಾಲಿನಲ್ಲಿ ಹೆಸರೂ ಕೇಳಲಿಲ್ಲ. ಲಿಖಿತ ಉತ್ತರ ಬರಲಿಲ್ಲ. ಇನ್ನೊಂದು ಪರೀಕ್ಷೆಯ ಕಾಲಕ್ಕೆ ಮಾರ್ಗದರ್ಶಕರು ಕಾಲೇಜಿನ ಮೆಟ್ಟಿಲ ಮೇಲೆ ಎದುರಾದಾಗ, "ಹಳೇ ಮಾತು, ಬಿಟ್ಬಿಡ್ರಿ," ಎಂದು ನಡೆಯುತ್ತಲೇ ಹೇಳಿ ಒಳಗೆ ಹೋದರು. ನಾನು ಬಿಟ್ಟಿಲ್ಲ.

ಆದುದರಿಂದ ಆ ದಿನ ಮೆಟ್ಟಿಲ ಮೇಲೆ ನಿಲ್ಲದೆ ಹೋದವರಿಗೆ ಈ ಪ್ರಶ್ನೆ. ಆ ಅಂಕಿಗಳು ದೋಷಪೂರ್ಣವೆಂದ ವರದಿಯ ಕೆಳಗೆ ನಿಮ್ಮ ಸಹಿ ಇದೆ. ಅವೇ ಅಂಕಿಗಳು ಸರಿಯೆಂದ ಲೇಖನದ ಮೇಲೆ ನಿಮ್ಮ ಹೆಸರಿದೆ. ಒಂದು ಕಡೆಯಾದರೂ ನೀವು ಸುಳ್ಳು ಹೇಳಿರಲೇಬೇಕು. ಸರ್, ಎಲ್ಲಿ ಹೇಳಿದಿರಿ, ಸಹಿ ಹಾಕಿದಲ್ಲಿಯೋ, ಹೆಸರು ಹಾಕಿದಲ್ಲಿಯೋ?